ಕಂಗೆಟ್ಟ ಪ್ರಯಾಣಿಕರಿಗೆ ನೆರವಾಗುವುದು ಹೇಗೆ: ಮಂಗಳೂರು, ಉಡುಪಿಯವರಿಗೊಂದು ಕೈಪಿಡಿ

ಮಂಗಳೂರಿನಲ್ಲಿ ರೈಲು ತಪ್ಪಿಸಿಕೊಳ್ಳುವವರಲ್ಲಿ ಒಂದು ಗಂಟೆ ಮೊದಲೇ ಬಂದು ಕುಳಿತವರೂ ಇರುತ್ತಾರೆ. ಅವರು ಕುಳಿತದ್ದು ಸೆಂಟ್ರಲ್ ನಿಲ್ದಾಣದಲ್ಲಿ, ಅವರ ರೈಲು ನಿಲ್ಲುವುದು ಜಂಕ್ಷನ್‌ನಲ್ಲಿ. ಕೇರಳದ ಕಡೆಯಿಂದ ಬಂದು ಗೋವಾ, ಮುಂಬೈಗೆ ಸಾಗುವ ಅನೇಕ ರೈಲುಗಳು ಸೆಂಟ್ರಲ್‌ನೊಳಗೆ ಬಾರದೆ ಜಂಕ್ಷನ್ ಮೂಲಕವೇ ಹೋಗುತ್ತವೆ ಎಂಬುದು ಊರಿನವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಇದು ಸಾಲದೆಂಬಂತೆ ಜಂಕ್ಷನ್‌ಗೆ ಮೊದಲು ಕಂಕನಾಡಿ ಎಂಬ ಹೆಸರಿತ್ತು. ಹಳಬರು ಈಗಲೂ ಅದನ್ನೇ ಹೇಳುತ್ತಾರೆ. ಆ ಮಾತನ್ನು ನಂಬಿ ಕಂಕನಾಡಿ ವೃತ್ತದಲ್ಲಿ ಇಳಿದವರಿಗೆ ಅಲ್ಲಿ ಆಸ್ಪತ್ರೆ ಸಿಗುತ್ತದೆ, ಮಾರುಕಟ್ಟೆ ಸಿಗುತ್ತದೆ. ರೈಲು ನಿಲ್ದಾಣವಿರುವುದು ಮಾತ್ರ ಪಡೀಲಿನ ಬಳಿ.

ಇಂಥ ಹೊತ್ತಿನಲ್ಲಿ ಗುರುತು ಪರಿಚಯವಿಲ್ಲದ ಯಾರೋ ಒಬ್ಬರು ಚೀಲವನ್ನು ಸ್ಕೂಟರಿನ ಮುಂದಿಟ್ಟುಕೊಂಡು, ಹಿಂದೆ ಕೂರಿಸಿಕೊಂಡು ಹೋಗಿ ರೈಲು ಹತ್ತಿಸಿದರು ಎಂಬ ಕಥೆಯನ್ನು ಕರಾವಳಿಗೆ ಬಂದುಹೋದವರು ಎಷ್ಟೋ ಮಂದಿ ಹೇಳುತ್ತಾರೆ. ನೆರವು ಪಡೆದವರಿಗೆ ಅದು ಆಕಸ್ಮಿಕ. ನೆರವಾದವರ ಕಡೆಯಿಂದ ನೋಡಿದರೆ ಅದರಲ್ಲಿ ರೂಢಿಸಿಕೊಳ್ಳಬಹುದಾದ ಸಂಗತಿಗಳು ಸಾಕಷ್ಟಿವೆ: ಯಾರನ್ನು ಹೇಗೆ ಮಾತನಾಡಿಸಬೇಕು, ಎಷ್ಟು ದೂರ ಜೊತೆಗೆ ಹೋಗಬೇಕು, ಹಣದ ಮಾತು ಬಂದಾಗ ಏನು ಮಾಡಬೇಕು, ಅಪಘಾತವಾದಾಗ ಕಾನೂನು ಏನು ಹೇಳುತ್ತದೆ ಇತ್ಯಾದಿ. ಈ ಬರಹವಿರುವುದು ಆ ‘ಯಾರೋ ಒಬ್ಬರು’ ಆಗಬಹುದಾದ ಊರಿನವರಿಗಾಗಿ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಅಪರಿಚಿತರ ಇಡೀ ಪ್ರಯಾಣದ ಹೊಣೆಯನ್ನು ನಾವು ಹೊರಬೇಕಾಗಿಲ್ಲ. ಅವರನ್ನು ಭರವಸೆಯ ಮುಂದಿನ ಕೈಗೆ ಒಪ್ಪಿಸಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಆ ಕೈ ಬಸ್ಸಿನ ಕಂಡಕ್ಟರ್ ಆಗಿರಬಹುದು, ಸ್ಟೇಷನ್ ಮಾಸ್ಟರ್ ಆಗಿರಬಹುದು, ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದವರಾಗಿರಬಹುದು, ಫೋನಿನ ಆ ತುದಿಯಲ್ಲಿರುವ ಅವರದೇ ಮನೆಯವರಾಗಿರಬಹುದು. ಉಪಕಾರ ಮಾಡಲು ಹೊರಟು ಕೈಸುಟ್ಟುಕೊಂಡವರ ಅನುಭವವನ್ನು ವಿಚಾರಿಸಿದರೆ, ಹೆಚ್ಚಿನವರು ಒಂದೋ ಈ ಗಡಿಯನ್ನು ದಾಟಿ ಹೋಗಿರುತ್ತಾರೆ, ಇಲ್ಲವೇ ಗಡಿಗೆ ತಲುಪುವ ಮೊದಲೇ ಅರ್ಧದಲ್ಲಿ ಕೈಬಿಟ್ಟಿರುತ್ತಾರೆ.

ಮೊದಲ ಮಾತು

ಕಷ್ಟದಲ್ಲಿರುವ ಪ್ರಯಾಣಿಕರು ಸಾಮಾನ್ಯವಾಗಿ ತಾವಾಗಿ ಕೇಳುವುದಿಲ್ಲ. ಒಂದೇ ಫಲಕವನ್ನು ಮತ್ತೆ ಮತ್ತೆ ಓದುವುದು, ಬಂದ ಪ್ರತಿ ಬಸ್ಸಿನ ಬಳಿಗೂ ಎರಡು ಹೆಜ್ಜೆ ಹೋಗಿ ಹಿಂದೆ ಬರುವುದು, ಆರಿಹೋದ ಫೋನನ್ನು ಒತ್ತುತ್ತಲೇ ಇರುವುದು, ಚೀಲಗಳನ್ನು ಎಣಿಸಿಕೊಳ್ಳುವುದು, ಇವೇ ಕುರುಹುಗಳು. ಇಂಥವರ ಎದುರಿಗೆ ಹೋಗಿ ನಿಲ್ಲುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ, ಒಂದೆರಡು ಮಾರು ದೂರದಲ್ಲಿ ನಿಂತು ಮಾತನಾಡಿಸುವುದು ಮೇಲು. ಚೀಲಕ್ಕೆ ಕೈಹಾಕಬಾರದು, ಎತ್ತಿಕೊಡಲೇ ಎಂದು ಕೇಳಿ, ಒಪ್ಪಿದ ಮೇಲೆ ಮುಟ್ಟಬೇಕು.

ಕೇಳಬೇಕಾದ ಮೊದಲ ಪ್ರಶ್ನೆ ‘ಎಲ್ಲಿಗೆ ಹೋಗಬೇಕಿತ್ತು?’ ಎಂಬುದು. ‘ಎಲ್ಲಿಂದ ಬಂದಿರಿ, ಒಬ್ಬರೇ ಬಂದದ್ದಾ, ಎಲ್ಲಿ ಉಳಿದುಕೊಂಡಿದ್ದೀರಿ?’ ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಬರೀ ಉಪಚಾರಕ್ಕೆ. ಆದರೆ ರಾತ್ರಿ ಹೊತ್ತಿನಲ್ಲಿ ಒಂಟಿಯಾಗಿ ನಿಂತ ಹೆಣ್ಣುಮಗಳಿಗೆ ಅದೇ ಪ್ರಶ್ನೆಗಳು ಹೆದರಿಕೆ ಹುಟ್ಟಿಸುತ್ತವೆ. ಹೋಗಬೇಕಾದ ಊರು ಗೊತ್ತಾದರೆ ಸಾಕು, ಉಳಿದದ್ದನ್ನು ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬಹುದು. ನೆರವು ಬೇಡವೆಂದರೆ ಅಲ್ಲಿಗೆ ಬಿಡಬೇಕು. ಬೇಡವೆನ್ನಲು ಅವರಿಗೆ ಕಾರಣವಿರುತ್ತದೆ, ಅದನ್ನು ನಮಗೆ ವಿವರಿಸಬೇಕಾದ ಹಂಗು ಅವರಿಗಿಲ್ಲ.

ಮಾತಿನ ವಿಷಯದಲ್ಲಿ ನಮ್ಮ ಕಡೆಯವರು ಕೊಂಚ ಎಚ್ಚರ ವಹಿಸಬೇಕು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬರುವ ಊರಿದು. ನಾವು ಅರಿವಿಲ್ಲದೆ ಒಂದರಿಂದ ಇನ್ನೊಂದಕ್ಕೆ ಜಾರುತ್ತೇವೆ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದವರಿಗೆ ನಮ್ಮ ಕನ್ನಡವೇ ಅರ್ಧ ಅರ್ಥವಾಗುತ್ತದೆ. ‘ಎಂತ ಆಯ್ತು ಮಾರಾಯ್ರೆ’ ಎಂಬುದರಲ್ಲಿರುವ ಸಲುಗೆ ನಮಗೆ ಕೇಳಿಸಿದಂತೆ ಅವರಿಗೆ ಕೇಳಿಸಲಿಕ್ಕಿಲ್ಲ. ಆದುದರಿಂದ ನಿಧಾನವಾಗಿ, ನೀವು ಎಂದು ಗೌರವ ಕೊಟ್ಟು, ಅಣ್ಣ, ಅಕ್ಕ, ಅಮ್ಮ ಎಂದು ಕರೆದು ಮಾತನಾಡುವುದು ಯಾರ ಜೊತೆಗಾದರೂ ಸರಿಹೋಗುತ್ತದೆ. ಕನ್ನಡವೇ ಬಾರದವರಾದರೆ ಊರಿನ ಹೆಸರು, ಬಸ್ಸಿನ ಹೆಸರು, ದರ ಇವನ್ನು ಕಾಗದದಲ್ಲಿಯೋ ಫೋನಿನಲ್ಲಿಯೋ ಬರೆದು ತೋರಿಸಬಹುದು.

ಭಾಷೆಯ ತೊಡಕಿನಿಂದ ಕೈಚೆಲ್ಲಬೇಕಾಗಿ ಬಂದ ಸಂಕೋಚ ಎಷ್ಟು ಆಳಕ್ಕೆ ಇಳಿಯಬಹುದು ಎಂಬುದಕ್ಕೆ ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರ ಬದುಕೇ ಸಾಕ್ಷಿ. ವಿದೇಶಿ ಪ್ರವಾಸಿಗರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಹೇಳಲಾಗದೆ ಹೋದದ್ದು ಅವರನ್ನು ಬಹುಕಾಲ ಕಾಡಿತು. ತನ್ನ ಊರಿನ ಮಕ್ಕಳಿಗೆ ಹಾಗಾಗಬಾರದೆಂದು ಹಣ್ಣು ಮಾರಿ ಉಳಿಸಿದ ದುಡ್ಡಿನಿಂದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಲು ಹೊರಟರು, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಈ ಕಥೆಯನ್ನು ನಾವು ಹಾಜಬ್ಬರ ಕಡೆಯಿಂದಲೇ ಹೇಳುತ್ತೇವೆ, ಅದು ಸರಿಯೇ. ಪಕ್ಕದಲ್ಲಿದ್ದ ಯಾರಾದರೂ ಬೆರಳೆಣಿಸಿ ಬೆಲೆ ತೋರಿಸಿಕೊಟ್ಟಿದ್ದರೆ ಆ ಪ್ರವಾಸಿಗರಿಗೆ ಕಿತ್ತಳೆ ಸಿಗುತ್ತಿತ್ತು ಎಂಬುದನ್ನೂ ನೆನಪಿಡಬಹುದು. (ಹಾಗಾಗಿದ್ದರೆ ಹರೇಕಳಕ್ಕೆ ಶಾಲೆ ಬರುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.)

ದಾರಿ ಹೇಳುವುದು

ದಾರಿ ಹೇಳುವುದು ಎಲ್ಲಕ್ಕಿಂತ ಚಿಕ್ಕ ಉಪಕಾರ, ಆದರೆ ಅತಿ ಹೆಚ್ಚು ಎಡವಟ್ಟಾಗುವುದೂ ಇಲ್ಲಿಯೇ. ಮಂಗಳೂರಿನಲ್ಲಿ ‘ಬಸ್‌ಸ್ಟ್ಯಾಂಡ್ ಎಲ್ಲಿ?’ ಎಂದು ಕೇಳಿದವರಿಗೆ ಮೊದಲು ಯಾವ ಬಸ್ಸು ಎಂದು ಮರುಪ್ರಶ್ನೆ ಹಾಕಬೇಕು. ಸರಕಾರಿ ಬಸ್ಸುಗಳ ನಿಲ್ದಾಣವಿರುವುದು ಬಿಜೈಯಲ್ಲಿ. ಉಡುಪಿ, ಮೂಡುಬಿದಿರೆ, ಕಟೀಲು ಕಡೆಯ ಖಾಸಗಿ ಬಸ್ಸುಗಳು ಸಿಗುವುದು ಸ್ಟೇಟ್‌ಬ್ಯಾಂಕ್ ಎಂದು ಕರೆಸಿಕೊಳ್ಳುವ ಜಾಗದಲ್ಲಿ. ಉಡುಪಿಯಲ್ಲೂ ಸಿಟಿ ಬಸ್ ನಿಲ್ದಾಣ, ಸರ್ವಿಸ್ ಬಸ್ ನಿಲ್ದಾಣ, ಬನ್ನಂಜೆಯ ಸರಕಾರಿ ನಿಲ್ದಾಣ ಎಂದು ಬೇರೆ ಬೇರೆ ಇವೆ. ಉಡುಪಿ ರೈಲು ನಿಲ್ದಾಣವಿರುವುದು ಊರ ನಡುವೆಯಲ್ಲ, ಮಣಿಪಾಲದ ದಾರಿಯ ಇಂದ್ರಾಳಿಯಲ್ಲಿ. ಬಸ್‌ಸ್ಟ್ಯಾಂಡಿನಿಂದ ಮೂರ್ನಾಲ್ಕು ಕಿಲೋಮೀಟರ್ ದೂರ. ‘ಇಲ್ಲೇ ಹತ್ತಿರ, ನಡೆದೇ ಹೋಗಬಹುದು’ ಎಂದು ಹೇಳಿಬಿಡುವ ನಮ್ಮ ಉದಾರತೆ ಭಾರದ ಚೀಲ ಹೊತ್ತವರ ಪಾಲಿಗೆ ಶಿಕ್ಷೆಯಾಗುತ್ತದೆ. ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ, ರಿಕ್ಷಾಕ್ಕೆ ಸುಮಾರಾಗಿ ಎಷ್ಟಾಗಬಹುದು ಎಂಬ ಮೂರನ್ನೂ ಹೇಳಿದರೆ ಅವರು ತಾವೇ ನಿರ್ಧರಿಸಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ ಗೊತ್ತಿರುವ ಅಂಗಡಿಯವರನ್ನು ತೋರಿಸುವುದು ಊಹೆಯ ದಾರಿ ತೋರಿಸುವುದಕ್ಕಿಂತ ಉತ್ತಮ.

ಕರಾವಳಿಯ ಖಾಸಗಿ ಬಸ್ಸುಗಳ ಕಂಡಕ್ಟರುಗಳು ಈ ಕೆಲಸದಲ್ಲಿ ನಮಗಿರುವ ದೊಡ್ಡ ಆಸರೆ. ಹೊಸಬರನ್ನು ಬಸ್ಸು ಹತ್ತಿಸಿ ಕೈಬೀಸಿದರೆ ಕೆಲಸ ಅರ್ಧವೇ ಆದಂತೆ. ‘ಅಣ್ಣ, ಇವರಿಗೆ ಕಟಪಾಡಿಯಲ್ಲಿ ಇಳೀಲಿಕ್ಕುಂಟು, ಹೊಸಬರು, ಸ್ವಲ್ಪ ಹೇಳಿ ಇಳಿಸಿ’ ಎಂದು ಪ್ರಯಾಣಿಕರಿಗೂ ಕೇಳಿಸುವಂತೆ ಕಂಡಕ್ಟರಿಗೆ ಹೇಳಿದಾಗ ಅದು ಪೂರ್ತಿಯಾಗುತ್ತದೆ. ಎಕ್ಸ್‌ಪ್ರೆಸ್ ಬಸ್ಸುಗಳು ಎಲ್ಲ ಕಡೆ ನಿಲ್ಲುವುದಿಲ್ಲ, ಸರ್ವಿಸ್ ಬಸ್ಸುಗಳು ಕೈತೋರಿಸಿದಲ್ಲೆಲ್ಲ ನಿಲ್ಲುತ್ತ ತಡವಾಗಿ ತಲುಪುತ್ತವೆ ಎಂಬ ವ್ಯತ್ಯಾಸವನ್ನು ಹತ್ತಿಸುವ ಮೊದಲೇ ಹೇಳಬೇಕು. ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್ ದಾರಿ; ಇಂದ್ರಾಳಿಯಲ್ಲಿ ರೈಲು ಹಿಡಿಯಬೇಕಾದವರಿಗೆ ಯಾವ ಬಸ್ಸು ಎಂಬುದು ಸಣ್ಣ ಸಂಗತಿಯಲ್ಲ.

ದೂರದೂರಿನಿಂದ ಬರುವ ರಾತ್ರಿ ಬಸ್ಸುಗಳದ್ದು ಬೇರೆಯದೇ ತಾಪತ್ರಯ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವ ಇಂಥ ಬಸ್ಸುಗಳು ಎಷ್ಟೋ ಸಲ ಊರೊಳಗೆ ಬಾರದೆ ಉಡುಪಿಯವರನ್ನು ಕರಾವಳಿ ಬೈಪಾಸಿನಲ್ಲಿ ಇಳಿಸಿ ಮುಂದೆ ಹೋಗುತ್ತವೆ. ನಸುಕಿನಲ್ಲಿ, ಮಳೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ಇಳಿದವರಿಗೆ ತಾವು ಎಲ್ಲಿದ್ದೇವೆಂಬುದೇ ತಿಳಿಯುವುದಿಲ್ಲ. ಆ ಹೊತ್ತಿಗೆ ವಾಕಿಂಗ್ ಹೊರಟವರು, ಹಾಲು, ಪತ್ರಿಕೆ ಹಾಕುವವರು, ಮಲ್ಪೆ ಬಂದರಿನ ಕಡೆಗೆ ಹೊರಟ ಮೀನುಗಾರರು ಮಾತ್ರ ದಾರಿಯಲ್ಲಿರುತ್ತಾರೆ. ಇಂಥಲ್ಲಿ ಸವಾರಿ ಕೊಡುವುದಕ್ಕಿಂತ ಮೊದಲು ಮಾಡಬೇಕಾದದ್ದು ಅವರನ್ನು ವಾಹನಗಳು ನುಗ್ಗುವ ಅಂಚಿನಿಂದ ಬೆಳಕಿರುವ, ಸೂರಿರುವ ಜಾಗಕ್ಕೆ ಕರೆತರುವುದು. ಬಳಿಕ ರಿಕ್ಷಾವನ್ನು ನಿಲ್ಲಿಸಿ ದರವನ್ನು ನಾವೇ ಮಾತನಾಡಿ, ರಿಕ್ಷಾದ ನಂಬರನ್ನು ಅವರ ಮನೆಯವರಿಗೆ ಕಳುಹಿಸಲು ಹೇಳಿದರೆ ಸಾಕಾಗುತ್ತದೆ.

ಪ್ರತಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ರಾತ್ರಿ ಉಡುಪಿಯಲ್ಲಿ ಇದೆಲ್ಲ ನೂರುಪಟ್ಟಾಗುತ್ತದೆ. ರಸ್ತೆಗಳು ಮುಚ್ಚಿರುತ್ತವೆ, ಲಾಡ್ಜುಗಳು ತುಂಬಿರುತ್ತವೆ, ಫೋನಿನ ಸಿಗ್ನಲ್ ಸಿಗುವುದಿಲ್ಲ. ಆ ರಾತ್ರಿ ಜಗಲಿಯ ದೀಪ ಹಾಕಿಟ್ಟು, ಕುಡಿಯುವ ನೀರಿನ ಕೊಡ ಇಟ್ಟು, ಶೌಚಾಲಯದ ಬಾಗಿಲು ತೆರೆದಿಟ್ಟ ಮನೆಯವರು ಯಾತ್ರಿಕರಿಗೆ ಮಾಡುವ ಉಪಕಾರ ಬಹಳ ದೊಡ್ಡದು. ಮೂರರಲ್ಲಿ ಕೊನೆಯದೇ ಹೆಚ್ಚಿನದು ಎಂದು ನನ್ನ ಎಣಿಕೆ, ವಿಶೇಷವಾಗಿ ಹೆಂಗಸರಿಗೆ ಮತ್ತು ವಯಸ್ಸಾದವರಿಗೆ.

ಹಣ ಮತ್ತು ಫೋನು

‘ಪರ್ಸ್ ಕಳೆದುಹೋಯಿತು, ಊರಿಗೆ ಹೋಗಲು ದುಡ್ಡಿಲ್ಲ’ ಎಂದು ಹೇಳುವವರಲ್ಲಿ ನಿಜ ಹೇಳುವವರೂ ಇರುತ್ತಾರೆ, ಅದನ್ನೇ ಕಸುಬು ಮಾಡಿಕೊಂಡವರೂ ಇರುತ್ತಾರೆ. ಮುಖ ನೋಡಿ ಇದನ್ನು ಬೇರ್ಪಡಿಸಬಲ್ಲೆನೆಂಬ ಭ್ರಮೆ ಯಾರಿಗೂ ಬೇಡ. ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ನಗದನ್ನು ಕೊಡದೆಯೇ ನೆರವಾಗುವ ದಾರಿಗಳಿವೆ. ಊರಿಗೆ ಹೋಗಬೇಕೆಂದವರಿಗೆ ನಾವೇ ಟಿಕೆಟ್ ತೆಗೆದು ಕೊಟ್ಟು ಬಸ್ಸಿನಲ್ಲಿ ಕೂರಿಸಬಹುದು. ಹಸಿವೆಂದವರನ್ನು ಹೋಟೆಲಿಗೆ ಕರೆದೊಯ್ದು ಊಟಕ್ಕೆ ಹೇಳಿ ಗಲ್ಲಾದಲ್ಲಿ ಹಣ ಕೊಟ್ಟು ಬರಬಹುದು. ಉಡುಪಿಯಲ್ಲಾದರೆ ಕೃಷ್ಣಮಠದ ಭೋಜನಶಾಲೆಯ ದಾರಿ ತೋರಿಸಬಹುದು. ನಿಜವಾಗಿ ಕಷ್ಟದಲ್ಲಿದ್ದವರು ಇದಕ್ಕೆ ಒಪ್ಪುತ್ತಾರೆ. ನಗದೇ ಬೇಕೆಂದು ಹಟ ಹಿಡಿದವರನ್ನು ಅಲ್ಲಿಯೇ ಬಿಟ್ಟು ಬಂದರೆ ತಪ್ಪಿಲ್ಲ.

ಹಣವಿಲ್ಲದೆ ಸಿಕ್ಕಿಹಾಕಿಕೊಂಡವರು ಕರ್ನಾಟಕದ ಹೆಣ್ಣುಮಗಳಾಗಿದ್ದರೆ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ. ಖಾಸಗಿ ಬಸ್ಸುಗಳೇ ತುಂಬಿರುವ ನಮ್ಮ ಜಿಲ್ಲೆಗಳಲ್ಲಿ ಈ ಸಂಗತಿ ಥಟ್ಟನೆ ನೆನಪಾಗುವುದಿಲ್ಲ. ಇಂಥವರನ್ನು ಸ್ಟೇಟ್‌ಬ್ಯಾಂಕಿನಲ್ಲಿ ನಿಲ್ಲಿಸಿಕೊಂಡು ಅವರಿವರಲ್ಲಿ ಚಿಲ್ಲರೆ ಒಟ್ಟುಮಾಡುವುದಕ್ಕಿಂತ ಬಿಜೈಗೆ ಕರೆದೊಯ್ಯುವುದು ಅವರ ಮರ್ಯಾದೆಗೂ ಒಳ್ಳೆಯದು.

ಇತ್ತೀಚಿನ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ‘ನಿಮಗೆ ಯುಪಿಐ ಮೂಲಕ ಹಾಕುತ್ತೇನೆ, ನನಗೆ ನಗದು ಕೊಡಿ’ ಎಂಬ ಕೋರಿಕೆಯ ಬಗ್ಗೆ. ಎಟಿಎಂ ಕೆಟ್ಟಿದೆ, ಆಸ್ಪತ್ರೆಯಲ್ಲಿ ನಗದು ಬೇಕಾಗಿದೆ ಎಂಬ ಕಾರಣ ನಿಜವೇ ಇರಬಹುದು. ಆದರೆ ಹಾಗೆ ಬಂದ ಹಣ ಯಾರದೋ ಖಾತೆಯಿಂದ ವಂಚಿಸಿ ತೆಗೆದದ್ದಾಗಿದ್ದರೆ, ಆ ಹಣದ ಜಾಡು ಹಿಡಿದು ಬರುವ ದೂರಿನ ಮೇರೆಗೆ ನಮ್ಮ ಖಾತೆಯೇ ತಡೆಹಿಡಿಯಲ್ಪಡಬಹುದು. ಅದನ್ನು ಬಿಡಿಸಿಕೊಳ್ಳಲು ಬೇರೆ ರಾಜ್ಯದ ಪೊಲೀಸರಿಗೆ ಪತ್ರ ಬರೆಯುವ ಸ್ಥಿತಿ ಬರಬಹುದು. ಆದುದರಿಂದ ಅಪರಿಚಿತರಿಗೆ ನಗದಿನ ವಿನಿಮಯ ಬೇಡ. ಔಷಧದ ಅಂಗಡಿಗೋ ಹೋಟೆಲಿಗೋ ಅವರೇ ನೇರವಾಗಿ ಯುಪಿಐ ಮೂಲಕ ಕೊಡಲಿ. ಅವರ ಖಾತೆಯಲ್ಲಿ ಹಣವಿಲ್ಲದಿದ್ದರೆ ನಾವು ಕೊಡೋಣ.

ಫೋನು ಕೇಳಿದವರಿಗೆ ಕೊಡಬಹುದು, ಆದರೆ ಕೈಗೆ ಕೊಡಬಾರದು. ಸಂಖ್ಯೆಯನ್ನು ಅವರು ಹೇಳಲಿ, ಒತ್ತುವವರು ನಾವಾಗಿರಲಿ, ಸ್ಪೀಕರಿನಲ್ಲಿ ಹಾಕಿ ಮಾತನಾಡಿಸೋಣ. ನಕ್ಷತ್ರದ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಒತ್ತಲು ಹೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ಕರೆಗಳನ್ನು ಬೇರೆ ಫೋನಿಗೆ ತಿರುಗಿಸುವ ಸಂಕೇತಗಳು ಹಾಗೆ ಆರಂಭವಾಗುತ್ತವೆ, ಒಟಿಪಿ ಕದಿಯುವವರು ಅದನ್ನು ಬಳಸುತ್ತಾರೆ. ಮೋಸ ಹೋದದ್ದು ತಿಳಿದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಚೀಲದಲ್ಲಿ ಚಾರ್ಜರ್ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಸುಲಭದ ಉಪಾಯವೊಂದಿದೆ. ಅಂಗಡಿಯವರನ್ನು ಕೇಳಿ ಆ ಪ್ರಯಾಣಿಕರ ಫೋನನ್ನೇ ಹತ್ತು ನಿಮಿಷ ಚಾರ್ಜಿಗೆ ಇಟ್ಟುಕೊಟ್ಟರೆ ಬಹುತೇಕ ಸಮಸ್ಯೆಗಳು ಅಲ್ಲಿಯೇ ಬಗೆಹರಿಯುತ್ತವೆ: ಟಿಕೆಟ್ ಅದರಲ್ಲಿರುತ್ತದೆ, ಮನೆಯವರ ಸಂಖ್ಯೆ ಅದರಲ್ಲಿರುತ್ತದೆ, ದುಡ್ಡೂ ಅದರಲ್ಲೇ ಇರುತ್ತದೆ.

ರೈಲಿನಲ್ಲಿ ಚೀಲ ಬಿಟ್ಟು ಇಳಿದವರಿದ್ದರೆ ನಿಲ್ದಾಣದ ರೈಲ್ವೆ ರಕ್ಷಣಾ ದಳದವರಿಗೆ ತಿಳಿಸಬೇಕು ಇಲ್ಲವೇ 139ಕ್ಕೆ ಕರೆ ಮಾಡಬೇಕು. ರೈಲಿನ ಸಂಖ್ಯೆ, ಬೋಗಿ, ಆಸನ ಈ ಮೂರನ್ನು ಹೇಳಿದರೆ ಮುಂದಿನ ನಿಲ್ದಾಣದಲ್ಲಿ ಹುಡುಕಿಸಲು ಅವಕಾಶವಿರುತ್ತದೆ, ಆದ್ದರಿಂದ ಸಮಾಧಾನದ ಮಾತಿಗೆ ಮೊದಲು ಟಿಕೆಟ್ ನೋಡುವುದು ಒಳ್ಳೆಯದು. ಒಂಟಿಯಾಗಿ ಸಿಕ್ಕ ಮಕ್ಕಳ ವಿಷಯದಲ್ಲಿ ಒಂದೇ ನಿಯಮ: ಮಗುವನ್ನು ಮನೆಗೆ ಕರೆದೊಯ್ಯಬಾರದು, ಸಿಕ್ಕಿದ ಜಾಗದಿಂದ ದೂರ ಹೋಗಬಾರದು, ನಾಲ್ಕು ಜನರ ಕಣ್ಣೆದುರಿನಲ್ಲಿಯೇ ಇದ್ದು 1098ಕ್ಕೋ 112ಕ್ಕೋ ತಿಳಿಸಬೇಕು.

ಮಳೆ, ಘಾಟಿ, ಕಡಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಗೆ ಬಂದವರು ಹಿಂದಿರುಗುವುದು ಘಾಟಿಗಳ ಮರ್ಜಿಯ ಮೇಲೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ವಾಹನಗಳು ಚಾರ್ಮಾಡಿಗೆ ತಿರುಗುತ್ತವೆ, ಚಾರ್ಮಾಡಿಯೂ ಮುಚ್ಚಿದರೆ ಸಂಪಾಜೆಯೋ ಆಗುಂಬೆಯೋ ಗತಿ. ಆಗುಂಬೆಯ ತಿರುವುಗಳಲ್ಲಿ ದೊಡ್ಡ ವಾಹನಗಳು ಹೋಗುವಂತಿಲ್ಲ. ಕೊಂಕಣ ರೈಲು ಮಾರ್ಗದಲ್ಲಿಯೂ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ, ರೈಲುಗಳ ವೇಗವನ್ನು ತಗ್ಗಿಸಿರುತ್ತಾರೆ. ಹೀಗೆ ಸಿಕ್ಕಿಬಿದ್ದವರಿಗೆ ಊರಿನವರು ಕೊಡಬಹುದಾದ ಬೆಲೆಬಾಳುವ ವಸ್ತು ಸರಿಯಾದ ಸುದ್ದಿ. ವಾಟ್ಸ್ಯಾಪ್‌ನಲ್ಲಿ ಬಂದ ಕಳೆದ ವರ್ಷದ ಕುಸಿತದ ವಿಡಿಯೊ ತೋರಿಸಿ ಹೆದರಿಸುವ ಬದಲು, ಸರಕಾರಿ ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಬಸ್ಸು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಕೇಳಿ ಹೇಳಿದರೆ ಅದೇ ದೊಡ್ಡ ನೆರವು. ಹೆದ್ದಾರಿಯಲ್ಲಿ ವಾಹನ ಕೆಟ್ಟು ನಿಂತವರಿಗೆ 1033 ಎಂಬ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ ಇದೆ ಎಂದು ತಿಳಿಸಬಹುದು.

ಒದ್ದೆಯಾಗಿ ನಿಂತವರನ್ನು ಜಗಲಿಗೆ ಕರೆದು ಬೆಲ್ಲ, ನೀರು ಕೊಡುವುದು ನಮ್ಮ ಹಳೆಯ ರೂಢಿ. ‘ಆಸರಿಗೆ ಎಂತ ಬೇಕು?’ ಎಂದು ಕೇಳುವ ಮನೆಗಳು ಈಗಲೂ ಇವೆ. ಅದರ ಜೊತೆಗೆ ಒಣಗಿದ ಬೈರಾಸೊಂದನ್ನು ಕೊಟ್ಟರೆ ಇನ್ನೂ ಚೆನ್ನ.

ಕಡಲಿನ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಮಳೆಗಾಲದಲ್ಲಿ ಪಣಂಬೂರು, ಮಲ್ಪೆ, ಕಾಪುವಿನಲ್ಲಿ ನೀರಿಗಿಳಿಯಲು ಹೊರಟ ಪ್ರವಾಸಿಗರನ್ನು ತಡೆಯುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು, ಬೈಗುಳವೂ ಸಿಗಬಹುದು, ಆದರೂ ಹೇಳಬೇಕು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಡಲಲ್ಲಿ ದೋಣಿಗಳೂ ಕಡಿಮೆ, ಅಂದರೆ ಎಳೆದು ತರುವವರೂ ಕಡಿಮೆ. ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ಈಜು ಗೊತ್ತೆಂದು ಹಾರಬಾರದು. ಹಗ್ಗ, ಟ್ಯೂಬು, ಖಾಲಿ ಕ್ಯಾನು, ತೇಲುವ ಯಾವುದನ್ನಾದರೂ ಎಸೆದು, ದಡಕ್ಕೆ ಸಮಾನಾಂತರವಾಗಿ ಈಜುವಂತೆ ಕೂಗಿ ಹೇಳಿ, ಜೀವರಕ್ಷಕರನ್ನು ಕರೆಯಬೇಕು.

ಅಪಘಾತವಾದಾಗ

ರಸ್ತೆಯಲ್ಲಿ ಬಿದ್ದವರ ಸುತ್ತ ಜನ ಸೇರುತ್ತಾರೆ, ಎತ್ತಲು ಮುಂದಾಗುವವರು ಕಡಿಮೆ. ಪೊಲೀಸ್ ಠಾಣೆಗೆ ಅಲೆಯಬೇಕಾದೀತು, ಆಸ್ಪತ್ರೆಯಲ್ಲಿ ನಮ್ಮಿಂದಲೇ ಹಣ ಕಟ್ಟಿಸಿಕೊಂಡಾರು ಎಂಬ ಅಂಜಿಕೆಯೇ ಅದಕ್ಕೆ ಕಾರಣ. ಈ ಅಂಜಿಕೆಗೆ ಈಗ ಆಧಾರವಿಲ್ಲ. ತುರ್ತು ಚಿಕಿತ್ಸೆ ನೀಡುವುದು ಪ್ರತಿ ವೈದ್ಯರ ಕರ್ತವ್ಯ, ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1989ರಷ್ಟು ಹಿಂದೆಯೇ. ನೆರವಾದವರ ರಕ್ಷಣೆಗಾಗಿ ಕೇಂದ್ರ ಸರಕಾರ ರೂಪಿಸಿದ್ದ ಮಾರ್ಗಸೂಚಿಗಳಿಗೆ ಅದೇ ನ್ಯಾಯಾಲಯ 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿತು. ಅದರಂತೆ, ಸದುದ್ದೇಶದಿಂದ ನೆರವಾದವರ ಮೇಲೆ, ಗಾಯಾಳುವಿಗೆ ಮುಂದೆ ಏನಾದರೂ ಆಯಿತೆಂಬ ಕಾರಣಕ್ಕೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ, ಫೋನ್ ಸಂಖ್ಯೆ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ಬಿಡುವುದು ನಮ್ಮ ಇಚ್ಛೆ. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಪ್ರವೇಶದ್ವಾರದಲ್ಲಿ ಸ್ಥಳೀಯ ಭಾಷೆಯಲ್ಲೂ ಹಾಕಬೇಕೆಂದು ನಿಯಮವಿದೆ.

ಗಾಯವಾದ ಬಳಿಕದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಆ ಅವಧಿಯೊಳಗೆ ಗಂಭೀರ ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವರಿಗೆ ಕೇಂದ್ರ ಸರಕಾರ ನೀಡುವ ಬಹುಮಾನವನ್ನು 2025ರಲ್ಲಿ 5,000 ರೂಪಾಯಿಯಿಂದ 25,000 ರೂಪಾಯಿಗೆ ಏರಿಸಲಾಗಿದೆ. ಬಹುಮಾನಕ್ಕಾಗಿ ಯಾರೂ ಓಡುವುದಿಲ್ಲ. ಆದರೆ ಅದೇ ವರ್ಷ ಜಾರಿಗೆ ಬಂದ ಇನ್ನೊಂದು ವ್ಯವಸ್ಥೆ ನೆನಪಿರಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಹಣ ಯಾರು ಕಟ್ಟುತ್ತಾರೆಂಬ ಪ್ರಶ್ನೆ ಎದುರಾದಾಗ ಇದನ್ನು ಹೇಳಬಹುದು.

ಸ್ಥಳದಲ್ಲಿ ಮಾಡಬೇಕಾದದ್ದು ಸರಳ. ಮೊದಲು 108 ಅಥವಾ 112. ಹೆದ್ದಾರಿಯಾದರೆ ಯಾವ ಊರು, ಯಾವ ದಿಕ್ಕಿಗೆ ಹೋಗುವ ಬದಿ, ಹತ್ತಿರದ ಪೆಟ್ರೋಲ್ ಬಂಕ್ ಅಥವಾ ದೇವಸ್ಥಾನ ಯಾವುದು ಎಂದು ಸ್ಪಷ್ಟವಾಗಿ ಹೇಳಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಕುತ್ತಿಗೆ, ಬೆನ್ನಿಗೆ ಏಟಾಗಿರುವ ಅನುಮಾನವಿದ್ದರೆ, ಬೆಂಕಿಯಂಥ ಅಪಾಯವಿಲ್ಲದ ಹೊರತು, ಎಳೆದಾಡದೆ ಆಂಬುಲೆನ್ಸಿಗೆ ಕಾಯಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಎಲ್ಲ ಕಡೆ ಮೊದಲು ನಡೆಯುವ ಉಪಚಾರ ಅದೇ ಆಗಿರುವುದರಿಂದ ತಡೆಯಲು ಒಬ್ಬರು ಬೇಕಾಗುತ್ತಾರೆ. ಅಪಸ್ಮಾರದಿಂದ ಬಿದ್ದವರ ಕೈಗೆ ಬೀಗದ ಕೈ ಹಿಡಿಸುವುದೂ, ಹಲ್ಲಿನ ನಡುವೆ ಚಮಚ ತುರುಕುವುದೂ ಅಷ್ಟೇ ಅನಗತ್ಯ, ಎರಡನೆಯದಂತೂ ಅಪಾಯಕರ. ಸುತ್ತಲಿನ ವಸ್ತುಗಳನ್ನು ಸರಿಸಿ, ಸೆಳೆತ ನಿಂತ ಮೇಲೆ ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ಆಂಬುಲೆನ್ಸ್ ಬೇಕು.

ಮಂಗಳೂರಿನಲ್ಲಿ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಸರಕಾರಿ ಆಸ್ಪತ್ರೆಗಳು. ಎಲ್ಲಿಗೆ ಕರೆದೊಯ್ಯಲಾಯಿತು ಎಂಬುದನ್ನು ಗಾಯಾಳುವಿನ ಫೋನಿನಿಂದಲೇ ಮನೆಯವರಿಗೆ ತಿಳಿಸಬೇಕು. ಹೇಳುವಾಗ ಆಸ್ಪತ್ರೆಯ ಹೆಸರನ್ನು ಮೊದಲು, ಪ್ರಜ್ಞೆ ಇದೆಯೋ ಇಲ್ಲವೋ ಎಂಬುದನ್ನು ಆಮೇಲೆ, ಅಷ್ಟೇ. ಗಾಯದ ವರ್ಣನೆಯನ್ನು ವೈದ್ಯರಿಗೆ ಬಿಡಬೇಕು. ಚೀಲ, ಪರ್ಸ್, ಫೋನುಗಳನ್ನು ಆಸ್ಪತ್ರೆಯವರಿಗೋ ಪೊಲೀಸರಿಗೋ ಇನ್ನಿಬ್ಬರ ಎದುರಿನಲ್ಲಿ ಒಪ್ಪಿಸಿದರೆ ಮುಂದೆ ಮಾತು ಬರುವುದಿಲ್ಲ.

ಕೆಲಸ ಮುಗಿದ ಮೇಲೆ

ಮುಂದಿನ ಕೈಗೆ ಒಪ್ಪಿಸಿದ ಮೇಲೆ ಅಲ್ಲಿಂದ ಹೊರಡುವುದು ಕೆಲವರಿಗೆ ಕಷ್ಟ. ರೈಲು ಬರುವವರೆಗೆ ಪಕ್ಕದಲ್ಲಿ ಕುಳಿತು ಊರು, ಜಾತಿ, ಸಂಬಳ ವಿಚಾರಿಸುವವರಿದ್ದಾರೆ. ನೆರವು ಪಡೆದವರು ಆ ಹೊತ್ತಿನಲ್ಲಿ ಬೇಡವೆನ್ನಲಾರರು ಎಂಬುದನ್ನು ಅವರು ಗಮನಿಸುವುದಿಲ್ಲ. ನೆರವು ಪಡೆದವರ ಫೋಟೊ ತೆಗೆದು, ತಾನು ಮಾಡಿದ ಉಪಕಾರದ ಜೊತೆಗೆ ಎಲ್ಲರಿಗೂ ಹಂಚುವುದಂತೂ ಕೊಟ್ಟದ್ದನ್ನು ಬಡ್ಡಿಸಹಿತ ವಸೂಲು ಮಾಡಿದಂತೆ. ಫೋನ್ ಸಂಖ್ಯೆಯನ್ನು ಅವರು ಕೇಳಿದರೆ ಕೊಡಬಹುದು, ನಾವಾಗಿ ಕೇಳುವುದು ಬೇಡ. ತಲುಪಿದ ಮೇಲೆ ತಿಳಿಸಿ ಎಂದು ಹೇಳುವುದಿದ್ದರೆ, ಅವರ ಮನೆಯವರಿಗೆ ತಿಳಿಸಲು ಹೇಳಬೇಕು.

ನೆರವು ಪಡೆಯುವ ಸರದಿ ನಮ್ಮದಾದಾಗ ಈ ಎಲ್ಲವನ್ನೂ ತಿರುಗಿಸಿ ಓದಿಕೊಂಡರೆ ಸಾಕು: ಹೋಗಬೇಕಾದ ಜಾಗವನ್ನು ನೇರವಾಗಿ ಹೇಳಬೇಕು, ಬೇಡವಾದದ್ದನ್ನು ಬೇಡವೆನ್ನಬೇಕು, ಒಂಟಿಯಾಗಿ ಸವಾರಿ ಹತ್ತುವ ಮೊದಲು ವಾಹನದ ನಂಬರನ್ನು ಮನೆಗೆ ಕಳುಹಿಸಬೇಕು. ಒಳ್ಳೆಯ ಮನಸ್ಸಿನಿಂದ ನೆರವಾದವರು ಇದರಿಂದ ಬೇಸರಪಟ್ಟುಕೊಳ್ಳುವುದಿಲ್ಲ.

ಟಿಕೆಟಿನ ದುಡ್ಡನ್ನು ಊರಿಗೆ ಹೋಗಿ ಕಳುಹಿಸುತ್ತೇನೆಂದು ಹೇಳುವವರಿಗೆ ‘ಅದೆಲ್ಲ ಎಂತಕ್ಕೆ, ಬೇಡ’ ಎನ್ನುವುದು ನಮ್ಮ ಕಡೆಯ ಅಭ್ಯಾಸ. ಕಳುಹಿಸುವ ಮನಸ್ಸಿದ್ದವರಿಂದ ಆ ದುಡ್ಡನ್ನು ತೆಗೆದುಕೊಳ್ಳುವುದೇ ಸರಿ ಎಂದು ನನಗೆ ತೋರುತ್ತದೆ. ಕೊಟ್ಟದ್ದು ಸಾಲವೆಂದಾದರೆ ಅವರು ತಲೆಯೆತ್ತಿ ಬಸ್ಸು ಹತ್ತುತ್ತಾರೆ. ಸಂಖ್ಯೆಯನ್ನು ಟಿಕೆಟಿನ ಹಿಂಬದಿಯಲ್ಲಿ ಬರೆದುಕೊಟ್ಟು, ಎಷ್ಟು ರೂಪಾಯಿ ಎಂಬುದನ್ನೂ ಸರಿಯಾಗಿ ಬರೆಯಬೇಕು. ಬಂದರೆ ಬಂತು, ಬಾರದಿದ್ದರೆ ನೆನಪಿಸಲು ಹೋಗಬಾರದು.